ಸಹಾಯ ಬೇಕು: ಕುಳ್ಳಗಿರುವವರಿಗೆ ರೋಡ್ ಬೈಕ್ (ಬಾಗಿದ ಹ್ಯಾಂಡಲ್‌ನ ವೇಗದ ಸೈಕಲ್) ಫಿಟ್ ಮಾಡೋದು ಹೇಗೆ?

ನನ್ನ ಎತ್ತರ 152 ಸೆಂ.ಮೀ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಒಂದನ್ನು ತಗೊಂಡಿದ್ದೇನೆ. ಫ್ರೇಮ್ ನನಗೆ ಸ್ವಲ್ಪ ದೊಡ್ಡದೇ, ಗೊತ್ತು. ಬೈಯಬೇಡಿ, ಆಸೆ ತಡೆಯಲಿಲ್ಲ!

ಸೀಟಿನ ಎತ್ತರ ಸರಿಯಾಗಿದೆ. ತೊಂದರೆ ಇರುವುದು ಹ್ಯಾಂಡಲ್ ದೂರದ್ದು. ಅರ್ಧ ಗಂಟೆ ಓಡಿಸಿದರೆ ಕತ್ತು ಹಿಡಿಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಬ್ರೇಕ್ ಹಿಡಿಯಲು ಹೋದರೆ ಬೆರಳ ತುದಿ ಮಾತ್ರ ಲಿವರ್‌ಗೆ ತಾಗುತ್ತದೆ. ಇಳಿಜಾರಿನಲ್ಲಿ ನಿಜಕ್ಕೂ ಭಯ.

ಹ್ಯಾಂಡಲ್ ಹತ್ತಿರವಾಗಲಿ ಅಂತ ಸೀಟನ್ನು ಪೂರ್ತಿ ಮುಂದೆ ತಳ್ಳಿ ನೋಡಿದೆ. ಮಂಡಿಚಿಪ್ಪಿನ ಹತ್ತಿರ ನೋವು ಶುರುವಾಯಿತು. ಸೀಟು ಇರುವುದು ಕಾಲಿನ ಲೆಕ್ಕಕ್ಕೆ, ಕೈಯ ಲೆಕ್ಕಕ್ಕಲ್ಲ ಅಂತ ಆಮೇಲೆ ಅರ್ಥವಾಯಿತು. ಮೊದಲಿದ್ದ ಜಾಗಕ್ಕೇ ತಂದಿದ್ದೇನೆ.

ಈಗ ಸ್ಟೆಮ್ (ಹ್ಯಾಂಡಲ್‌ಬಾರನ್ನು ಸೈಕಲ್‌ಗೆ ಜೋಡಿಸುವ ತುಂಡು) 100 ಮಿ.ಮೀ. ಇದೆ. 70ಕ್ಕೆ ಇಳಿಸಿದರೆ ಹ್ಯಾಂಡಲ್ ತೀರಾ ಚುರುಕಾಗಿ ತಿರುಗುತ್ತದಾ? 80 ಸಾಕಾ? ಹ್ಯಾಂಡಲ್‌ಬಾರ್ 42 ಸೆಂ.ಮೀ. ಅಗಲ, ನನ್ನ ಭುಜಕ್ಕೆ ಜಾಸ್ತಿಯೇ ಅಲ್ವಾ? ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 170 ಮಿ.ಮೀ., ಅದನ್ನು 165 ಮಾಡಿಸಿದವರಿಗೆ ವ್ಯತ್ಯಾಸ ಗೊತ್ತಾಯಿತಾ?

ಬ್ರೇಕ್ ಲಿವರ್ ಹತ್ತಿರ ತರಲು ಸಣ್ಣ ಸ್ಕ್ರೂ ಇರುತ್ತದಂತೆ. ಲಿವರ್ ಮೇಲಿನ ರಬ್ಬರ್ ಹೊದಿಕೆ (ಹುಡ್) ಮಡಚಿ ನೋಡಿದೆ, ಒಂದು ಸ್ಕ್ರೂ ಕಾಣಿಸಿತು. ಅದೇನಾ? ಅದನ್ನು ತಿರುಗಿಸಿದ ಮೇಲೆ ಕೇಬಲ್ ಕೂಡ ಸರಿಮಾಡಬೇಕಾ?

ಎಲ್ಲ ಒಟ್ಟಿಗೆ ಬದಲಾಯಿಸುವುದಿಲ್ಲ. ಮೊದಲು ಯಾವುದಕ್ಕೆ ಕೈ ಹಾಕಲಿ? ನನ್ನಷ್ಟೇ ಎತ್ತರದವರು ಹೇಳಿದರೆ ಇನ್ನೂ ಒಳ್ಳೆಯದು.