ಜರ್ಮನ್ ಸಿಲ್ವರ್ ಒಳಲೆಯಲ್ಲಿ ಬೆಳ್ಳಿ ಎಷ್ಟು?

ಪ್ರಶ್ನೆ: ನಮಸ್ಕಾರ ಸರ್. ನಾದಿನಿಯ ಮಗುವಿನ ನಾಮಕರಣಕ್ಕೆ ಹಾಲು ಕುಡಿಸುವ ಒಳಲೆ, ಕುಂಕುಮದ ಭರಣಿ ಕೊಡಬೇಕೆಂದಿದ್ದೇನೆ. ಅಂಗಡಿಯವರು ಜರ್ಮನ್ ಸಿಲ್ವರ್‌ನದು ತೋರಿಸಿದರು. ಬೆಲೆ ತೀರಾ ಕಡಿಮೆ. ಅದರಲ್ಲಿ ಬೆಳ್ಳಿ ಎಷ್ಟು ಪಾಲು ಇರುತ್ತದೆ?

ಉತ್ತರ (ಬೆಳ್ಳಿ ಕೆಲಸದವರು): ಗುಲಗಂಜಿಯಷ್ಟೂ ಇರುವುದಿಲ್ಲ, ಅಮ್ಮ. ತಾಮ್ರ, ನಿಕ್ಕಲ್, ಸತು ಬೆರೆಸಿದ ಲೋಹವದು. ಬಣ್ಣ ಬೆಳ್ಳಿಯಂತಿರುವುದರಿಂದ ಆ ಹೆಸರು ಬಂದಿದೆ; ಕೆಲವಕ್ಕೆ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸಿರುತ್ತಾರೆ, ಅಷ್ಟೆ. ಭರಣಿ, ಆರತಿ ತಟ್ಟೆಗೆ ಧಾರಾಳವಾಗಿ ಕೊಳ್ಳಿ. ಆದರೆ ಒಳಲೆಯನ್ನು ಮಾತ್ರ ಖಂಡಿತ ಬೇಡ. ಮಗುವಿನ ಬಾಯಿಗೆ ಹೋಗುವ ವಸ್ತು. ಹುಳಿ ತಾಗಿದರೆ ತಾಮ್ರ, ನಿಕ್ಕಲ್ ಬಿಟ್ಟುಕೊಳ್ಳುತ್ತವೆ, ನಿಕ್ಕಲ್ ಕೆಲವರ ಚರ್ಮಕ್ಕೂ ಆಗದು. ಹಣ ಸಾಲದಿದ್ದರೆ ಭರಣಿ ಬಿಟ್ಟು, ಚಿಕ್ಕದಾದರೂ ಬೆಳ್ಳಿಯ ಒಳಲೆಯನ್ನೇ ಕೊಡಿ.

ಕೊಳ್ಳುವಾಗ ಅಂಕಿ ನೋಡಿ. 999 ಎಂದರೆ ಹೆಚ್ಚುಕಡಿಮೆ ಅಪ್ಪಟ. ಮೆತ್ತಗಿರುವುದರಿಂದ ಬೇಗ ನೆಗ್ಗುತ್ತದೆ. 925ರಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ಗಟ್ಟಿತನಕ್ಕೆ ಸೇರಿಸಿದ ತಾಮ್ರ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಯ ಹಾಲ್‌ಮಾರ್ಕ್‌ಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಪ್ರತಿ ವಸ್ತುವಿಗೂ ಬೇರೆಯಾದ ಗುರುತಿನ ಸಂಖ್ಯೆ, ಬಂದಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬಿಲ್ಲಿನಲ್ಲಿ ಶುದ್ಧತೆ, ತೂಕ, ಮಜೂರಿ ಬೇರೆಬೇರೆಯಾಗಿ ಬರೆಸಿಕೊಳ್ಳಿ.

ಪ್ರಶ್ನೆ: ಅತ್ತೆಯವರ ಕಾಲದ ಗಟ್ಟಿ ಉದ್ಧರಣೆಯೊಂದಿದೆ, ಗುರುತೇನೂ ಇಲ್ಲ. ಮನೆಯಲ್ಲೇ ಪರೀಕ್ಷಿಸಬಹುದೇ?

ಉತ್ತರ: ಒಂದು ಅಂದಾಜು ಸಿಗುತ್ತದೆ. ಮೊದಲು ಉದ್ಧರಣೆಯನ್ನು ತೂಗಿಕೊಳ್ಳಿ. ಆಮೇಲೆ ನೀರು ತುಂಬಿದ ಬಟ್ಟಲನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಉದ್ಧರಣೆಯನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಗ್ರಾಮಿನಿಂದ ಮೊದಲಿನ ತೂಕವನ್ನು ಭಾಗಿಸಿ. ಹತ್ತಕ್ಕಿಂತ ತುಸು ಮೇಲೆ ಬಂದರೆ ಒಳ್ಳೆಯ ಬೆಳ್ಳಿಯ ಲಕ್ಷಣ. ಎಂಟೂವರೆಯ ಆಸುಪಾಸಿನಲ್ಲಿದ್ದರೆ ಜರ್ಮನ್ ಸಿಲ್ವರ್ ಅಥವಾ ಹಿತ್ತಾಳೆಯಂಥದ್ದು. ಸಣ್ಣ ವಸ್ತುವಿಗೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯೇ ಬೇಕು. ಒಳಗೆ ಟೊಳ್ಳಿದ್ದರೆ ಈ ಲೆಕ್ಕ ನಂಬಬೇಡಿ.

ಪ್ರಶ್ನೆ: ಅದು ಕಪ್ಪಾಗಿದೆ. ಕಪ್ಪಾಗುವುದು ಕಲಬೆರಕೆಯೇ?

ಉತ್ತರ: ಅಲ್ಲ, ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಅದಕ್ಕೆ ಕಾರಣ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ, ಹಾಳೆಗೆ ತಾಗುವಂತೆ ಉದ್ಧರಣೆಯನ್ನು ಇಡಿ. ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಸವೆಯುವುದಿಲ್ಲ. ಹರಳು ಕೂರಿಸಿದ ಒಡವೆಗೆ ಈ ಉಪಾಯ ಬೇಡ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕವಿದೆ; ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ.