ಸೆರೆಮನೆಯ ಬದಲು ಸಮುದಾಯದಲ್ಲೇ ಪುನರ್ವಸತಿ: ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯರ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಿನವಳಾದ ನಾನು ಮೆಲ್ಬರ್ನ್‌ನಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ಆಸ್ಟ್ರೇಲಿಯಾದ ವಯಸ್ಕ ಮಹಿಳೆಯರಲ್ಲಿ ಮೂಲನಿವಾಸಿಗಳು ನೂರಕ್ಕೆ ನಾಲ್ವರೂ ಇಲ್ಲ; ಮಹಿಳಾ ಕೈದಿಗಳಲ್ಲಿ ಮಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದಾರೆ. ಇವರಿಗೆ ಸೆರೆಮನೆಯ ಬದಲು ಸಮುದಾಯದಲ್ಲೇ ಪುನರ್ವಸತಿ ಕಲ್ಪಿಸುವುದು ನಿಜಕ್ಕೂ ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ಮೊದಲು ಅವರು ಒಳಗೆ ಹೋಗುವ ದಾರಿಯನ್ನು ನೋಡಬೇಕು. ಅನೇಕರು ಜಾಮೀನು ಸಿಗದೆ ಉಳಿದ ವಿಚಾರಣಾಧೀನ ಕೈದಿಗಳು. ಜಾಮೀನಿನ ವಿಚಾರಣೆಯಲ್ಲಿ ವಾಸದ ವಿಳಾಸದ ಪ್ರಶ್ನೆ ಬಂದೇ ಬರುತ್ತದೆ. ಹೊಡೆತ ತಾಳಲಾರದೆ ಮನೆ ಬಿಟ್ಟವಳಿಗೆ ಹೇಳಿಕೊಳ್ಳಲು ವಿಳಾಸವೇ ಇರುವುದಿಲ್ಲ. ಒಳಗಿದ್ದ ಕೆಲವೇ ವಾರಗಳಲ್ಲಿ ಬಾಡಿಗೆ ಮನೆ ಕೈತಪ್ಪಬಹುದು, ಮಕ್ಕಳು ಸರ್ಕಾರದ ಪಾಲನೆಗೆ ಹೋಗಬಹುದು, ಆಮೇಲೆ ಮನೆಯಿಲ್ಲವೆಂಬ ಕಾರಣಕ್ಕೇ ಅವರನ್ನು ಮರಳಿ ಪಡೆಯುವುದು ದುಸ್ತರವಾಗುತ್ತದೆ.

2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಹೆಡ್ಲೆಂಡ್‌ನಲ್ಲಿ ಮಿಸ್ ಧು ಎಂಬ 22 ವರ್ಷದ ಮೂಲನಿವಾಸಿ ಯುವತಿಯನ್ನು 3,622 ಡಾಲರ್ ದಂಡ ಬಾಕಿಗಾಗಿ ಪೊಲೀಸರು ಬಂಧನದಲ್ಲಿಟ್ಟರು. ಸಂಗಾತಿಯ ಹಲ್ಲೆಯಿಂದ ಮುರಿದ ಪಕ್ಕೆಲುಬಿನ ಸೋಂಕು ಉಲ್ಬಣಿಸಿ ಆಕೆ ತೀರಿಕೊಂಡರು. ರಕ್ಷಣೆ ಬೇಕಿದ್ದವಳಿಗೆ ಸಿಕ್ಕಿದ್ದು ಲಾಕಪ್ಪು. ಸೆರೆವಾಸ ಕಟ್ಟಕಡೆಯ ಕ್ರಮವಾಗಿರಬೇಕೆಂದು ಬಂಧನದಲ್ಲಿದ್ದಾಗ ಸಂಭವಿಸಿದ ಮೂಲನಿವಾಸಿಗಳ ಸಾವುಗಳನ್ನು ಪರಿಶೀಲಿಸಿದ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ 1991ರಲ್ಲೇ ಹೇಳಿತ್ತು. ದಂಡ ಬಾಕಿಯ ಕಾನೂನನ್ನು ಆ ರಾಜ್ಯ ತಿದ್ದಿದ್ದು 2020ರಲ್ಲಿ.

ಆದ್ದರಿಂದ ಪುನರ್ವಸತಿ ಆರಂಭವಾಗಬೇಕಾದದ್ದು ಸೂರಿನಿಂದ ಎಂಬುದು ನನ್ನ ದೃಢ ಅಭಿಪ್ರಾಯ. ಮಕ್ಕಳೊಡನೆ ಉಳಿಯಬಹುದಾದ ಮನೆ, ಅಲ್ಲಿಯೇ ವ್ಯಸನಮುಕ್ತಿ ಚಿಕಿತ್ಸೆ, ಹಿಂಸೆಯ ಗಾಯಕ್ಕೆ ಆಪ್ತಸಮಾಲೋಚನೆ, ಜೊತೆಗೆ ತಮ್ಮವರೇ ಆದ ಹಿರಿಯ ಹೆಂಗಸರ ಒಡನಾಟ ಇವೆಲ್ಲ ಒಂದೆಡೆ ಸೇರಿದರೆ ಮಾತ್ರ ನ್ಯಾಯಾಧೀಶರ ಮುಂದೆ ನಿಜವಾದ ಪರ್ಯಾಯವೊಂದನ್ನು ಇಟ್ಟಂತಾಗುತ್ತದೆ.

ಪ್ರಶ್ನೆ: ಇದು ಶಿಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗುವುದಿಲ್ಲವೇ, ಮೇಡಂ?

ಉತ್ತರ: ಇಲ್ಲ. ನ್ಯಾಯಾಲಯ ಷರತ್ತು ವಿಧಿಸಿರುತ್ತದೆ. ಅದನ್ನು ಮುರಿದರೆ ಪ್ರಕರಣ ಮತ್ತೆ ಅಲ್ಲಿಗೇ ಬರುತ್ತದೆ. ನಿಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲೇ 2002ರಿಂದ ನಡೆಯುತ್ತಿರುವ, ಮೂಲನಿವಾಸಿ ಆರೋಪಿಗಳಿಗೆ ಶಿಕ್ಷೆ ನಿರ್ಧರಿಸುವ ಕೂರಿ ಕೋರ್ಟನ್ನು ನೋಡಿ. ತಪ್ಪೊಪ್ಪಿಕೊಂಡವರಷ್ಟೇ ಅಲ್ಲಿಗೆ ಹೋಗಬಹುದು. ಮ್ಯಾಜಿಸ್ಟ್ರೇಟರು ಎತ್ತರದ ಪೀಠ ಬಿಟ್ಟು, ಆರೋಪಿ ಮತ್ತು ಸಮುದಾಯದ ಹಿರಿಯರೊಂದಿಗೆ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಶಿಕ್ಷೆ ನಿರ್ಧರಿಸುವವರು ಮ್ಯಾಜಿಸ್ಟ್ರೇಟರೇ ಆದರೂ, ತನ್ನ ಅಜ್ಜಿಯನ್ನು ಬಲ್ಲ ಹಿರಿಯರ ಎದುರು ಮಾಡಿದ್ದನ್ನು ವಿವರಿಸುವುದು ಹಗುರವಾದ ಸಂಗತಿಯಲ್ಲ.

ಮುಂದೆ ಇಂಥ ಯಾವುದಾದರೂ ಪುನರ್ವಸತಿ ಕೇಂದ್ರಕ್ಕೆ ಕ್ಷೇತ್ರಕಾರ್ಯಕ್ಕೆ ಹೋದಾಗ, ಅಲ್ಲಿ ಮಕ್ಕಳಿಗೆ ಜಾಗವಿದೆಯೇ, ತೀರ್ಮಾನ ಕೈಗೊಳ್ಳುವ ಸಮಿತಿಯಲ್ಲಿ ಮೂಲನಿವಾಸಿ ಮಹಿಳೆಯರಿದ್ದಾರೆಯೇ, ಅವಧಿ ಮುಗಿದವಳು ಮರುದಿನ ಯಾವ ಮನೆಗೆ ಹೋಗುತ್ತಾಳೆ ಎಂಬುದನ್ನು ತಪ್ಪದೆ ವಿಚಾರಿಸಿ.