ಅಪ್‌ಡೇಟ್: ಕುದಿಯುವ ನೀರು 100 ಡಿಗ್ರಿಯಲ್ಲೇ ಏಕೆ ನಿಲ್ಲುತ್ತದೆ?

ಉರಿ ಎಷ್ಟೇ ಜೋರು ಮಾಡಿದರೂ ಕುದಿಯುವ ನೀರು (ಸಮುದ್ರಮಟ್ಟದಲ್ಲಿ) 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲವಲ್ಲ, ಆ ಶಾಖವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್, ಈಗ ವಿಷಯ ತಲೆಗೆ ಹತ್ತಿತು.

ಉಷ್ಣತೆ ಅಂದರೆ ಕಣಗಳ ಚಲನೆಯ ಸರಾಸರಿ ಶಕ್ತಿಯ ಅಳತೆ. ಕುದಿಯುವಾಗ ಒಳಬರುವ ಶಾಖ ಅಣುಗಳ ವೇಗ ಹೆಚ್ಚಿಸುವುದಿಲ್ಲ. ಅವುಗಳ ನಡುವಿನ ಸೆಳೆತ ಬಿಡಿಸಲು ಖರ್ಚಾಗುತ್ತದೆ. ಅದೇ ಗುಪ್ತೋಷ್ಣ. ಒಬ್ಬರು ಕೊಟ್ಟ ಲೆಕ್ಕ ನೋಡಿ ದಂಗಾದೆ: 1 ಕಿಲೋ ನೀರನ್ನು 0ಯಿಂದ 100 ಡಿಗ್ರಿಗೆ ಏರಿಸಲು ಸುಮಾರು 420 ಕಿಲೋಜೂಲ್ ಸಾಕು, ಅದನ್ನೇ ಪೂರ್ತಿ ಆವಿ ಮಾಡಲು ಸುಮಾರು 2,260 ಬೇಕು! ಅಷ್ಟೇ ಮಂಜುಗಡ್ಡೆ ಕರಗಿಸಲು ಮಾತ್ರ 334. ಅಲ್ಲಿ ಅಣುಗಳ ಕಟ್ಟು ಸಡಿಲವಾದರೆ ಸಾಕು, ಪೂರ್ತಿ ಬೇರೆಯಾಗಬೇಕಿಲ್ಲ.

ಒದ್ದೆ ಬಟ್ಟೆ ಕುದಿಯದೆಯೇ ಒಣಗುವುದು ಹೇಗೆ ಅಂತಲೂ ಕೇಳಿದ್ದೆ. ಎಲ್ಲ ಅಣುಗಳ ವೇಗ ಒಂದೇ ಅಲ್ಲವಂತೆ. ಮೇಲ್ಮೈಯಲ್ಲಿರುವ ಅತಿವೇಗದವು ತಪ್ಪಿಸಿಕೊಳ್ಳುತ್ತವೆ, ಉಳಿದವುಗಳ ಸರಾಸರಿ ಶಕ್ತಿ ಇಳಿಯುತ್ತದೆ. ಬೆವರು ಆರಿದಾಗ ಮೈ ತಂಪಾಗುವುದೂ ಹೀಗೇ. (ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದು.)

ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಏರಿ ನೀರು 120 ಡಿಗ್ರಿ ಹತ್ತಿರ ಕುದಿಯುತ್ತದೆ ಎಂದು ಬರೆದವರಿಗೆ ಒಂದು ಪ್ರಶ್ನೆ: ಆಗ ಆವಿಯಾಗಲು ಬೇಕಾದ ಗುಪ್ತೋಷ್ಣ ಕಡಿಮೆಯಾಗುತ್ತದೆಯೇ?